ಒಂದನೇ ಹಾಡಿಂದ ಕೊನೇ ಹಾಡಿನ ತನಕ

ಕೇಳುಗರಿಗೆಲ್ಲ ನಮಸ್ಕಾರ ರೀ. ಚಿತ್ರದುರ್ಗ, ದಾವಣಗೆರೆ, ಹಿರಿಯೂರು, ಚಳ್ಳಕೆರೆ, ಜಗಳೂರು, ಹರಿಹರ, ಎಲ್ಲೆಲ್ಲಿಂದ ಕೇಳ್ತಿದ್ದೀರೋ ಎಲ್ಲರಿಗೂ. ಆಕಾಶವಾಣಿಯೋರು ನನ್ನನ್ನ ಕರೆದು, ಕೇಳಿದಷ್ಟೂ ಮತ್ತೆ ಕೇಳ್ಬೇಕು ಅನ್ಸೋ ಆಲ್ಬಮ್ ಒಂದಷ್ಟು ಹೇಳ್ರಿ ಅಂದ್ರು. ಹೇಳ್ತೀನಿ. ಆದ್ರೆ ಅದಕ್ಕಿಂತ ಮುಂಚೆ ಒಂದು ಮಾತೈತೆ, ನಾನು ಇವತ್ತು ಇಲ್ಲಿಗೆ ಬಂದಿರೋದೇ ಈ ಮಾತು ಹೇಳೋಕೆ: ಆಲ್ಬಮ್ ಹಾಕಿದ್ರೆ ಒಂದನೇ ಹಾಡಿಂದ ಕೊನೇ ಹಾಡಿನ ತನಕ ಕೇಳ್ರಿ. ಅವರು ಜೋಡಿಸಿರೋ ಸಾಲಲ್ಲೇ ಕೇಳ್ರಿ. ನಡುವೆ ಯಾವುದನ್ನೂ ಹಾರಿಸಬ್ಯಾಡ್ರಿ. ಅಷ್ಟೇ.

ನಾನು ದಾವಣಗೆರೆಯಲ್ಲಿ ಕ್ಯಾಸೆಟ್ ಅಂಗಡಿ ಇಟ್ಕೊಂಡಿದ್ದೋನು, ಜೊತೆಗೆ ಟೇಪ್ ರೆಕಾರ್ಡರ್ ರಿಪೇರಿ. ಈಗ ಕ್ಯಾಸೆಟ್ ಇಲ್ಲ, ಆಂಪ್ಲಿಫೈಯರು, ಸ್ಪೀಕರು, ಸಿಕ್ಕಿದ್ದು ರಿಪೇರಿ ಮಾಡ್ತೀನಿ. ಅಂಗಡಿಗೆ ಬರೋ ಹುಡುಗ್ರು ಸ್ಪೀಕರ್ ಚೆಕ್ ಮಾಡೋಕೆ ಮೊಬೈಲಲ್ಲಿ ಹಾಡು ಹಾಕ್ತಾರೆ, ಪಲ್ಲವಿ ಮುಗಿಯೋದ್ರೊಳಗೆ ಇನ್ನೊಂದು, ಅದರ ಪಲ್ಲವಿ ಶುರುವಾಗೋದ್ರೊಳಗೆ ಮತ್ತೊಂದು, ಹಿಂಗೆ ಕಾಲು ಗಂಟೇಲಿ ಮೂವತ್ತು ಹಾಡು ಮುಟ್ಟಿ ಬಿಡ್ತಾರೆ, ಒಂದನ್ನೂ ಕೇಳಲ್ಲ. ನಂಗೆ ಇದು ತಡೆಯಲ್ಲ ರೀ, ನಿಜವಾಗ್ಲೂ. ಸಾಣೇಹಳ್ಳಿ ನಾಟಕೋತ್ಸವಕ್ಕೆ ಹೋಗ್ತೀರಲ್ಲ, ಅಲ್ಲಿ ಯಾರಾದ್ರೂ ನಾಟಕದ ಮಧ್ಯದ ಒಂದು ಸೀನ್ ನೋಡಿ ಎದ್ದು ಹೋಗಿ, ನಾಟಕ ನೋಡಿದೆ ಅಂತಾರಾ? ಆಲ್ಬಮ್ಮೂ ಅಷ್ಟೇ.

ಹಾಡುಗಳ ಸಾಲು ಅನ್ನೋದು ಸುಮ್ನೆ ಬಂದಿದ್ದಲ್ಲ. ಮೊದಲು 78 ಆರ್‌ಪಿಎಂ ತಟ್ಟೆ ಇದ್ದಾಗ ಒಂದು ಕಡೆಗೆ ಮೂರು ನಿಮಿಷ ಚಿಲ್ಲರೆ, ಒಂದು ಹಾಡು ಮುಗೀತು. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ಲಾಂಗ್ ಪ್ಲೇ ತಟ್ಟೆ ತಂತು, ಒಂದು ಕಡೆಗೆ ಇಪ್ಪತ್ತು ನಿಮಿಷದಷ್ಟು ಹಿಡಿಯೋದು. ಆಗ ಕೂತು ಯೋಚನೆ ಮಾಡೋ ಕೆಲಸ ಶುರುವಾಯ್ತು, ಯಾವುದು ಮೊದಲು ಇರ್ಬೇಕು, ಯಾವುದರಿಂದ ಈ ಕಡೆ ಮುಗಿಸ್ಬೇಕು, ತಟ್ಟೆ ಮಗುಚಿ ಹಾಕಿದ್ಮೇಲೆ ಕಿವಿಗೆ ಮೊದಲು ಏನು ಬೀಳ್ಬೇಕು ಅಂತ. ಆಮೇಲೆ ಕ್ಯಾಸೆಟ್ ಬಂತು, ಅರವತ್ತರ ಕ್ಯಾಸೆಟ್ ಅಂದ್ರೆ ಕಡೆಗೆ ಮೂವತ್ತು ನಿಮಿಷ. ಕ್ಯಾಸೆಟ್ಟಲ್ಲಿ ಹಾಡು ಹಾರಿಸೋದು ತಾಪತ್ರಯ, ಫಾರ್ವರ್ಡ್ ಒತ್ತಿದ್ರೆ ಸೆಲ್ಲು ಬೇಗ ಖಾಲಿ, ಎಲ್ಲಿ ನಿಲ್ಲಿಸ್ಬೇಕೋ ಗೊತ್ತಾಗಲ್ಲ, ರೀಲು ಬೇರೆ ಸಿಕ್ಕಾಕೊಳ್ಳೋದು. ಅದಕ್ಕೆ ಜನ ಎಲ್ಲಾ ಹಾಡೂ ಕೇಳೋರು, ಹಿಡಿಸದೇ ಇದ್ದದ್ದೂ ಕೇಳೋರು. ಹಿಡಿಸದೇ ಇದ್ದ ಆ ಮೂರನೇ ಹಾಡು, ನಾಲ್ಕನೇ ಹಾಡೇ ಕೊನೆಗೆ ಬಾಯಲ್ಲಿ ಉಳಿಯೋದು. ಇದನ್ನ ನಾನು ಗಿರಾಕಿಗಳಲ್ಲಿ ಎಷ್ಟು ನೋಡಿದ್ದೀನಿ ಅಂದ್ರೆ, ಕ್ಯಾಸೆಟ್ ತಗೊಂಡೋಗುವಾಗ ಒಂದು ಹಾಡಿಗೋಸ್ಕರ ತಗೊಂಡಿರ್ತಾರೆ, ಮಳೆಗಾಲ ಕಳೆದು ಬಂದಾಗ ಬೇರೆ ಯಾವುದೋ ಹಾಡಿನ ಬಗ್ಗೆ ಮಾತಾಡ್ತಿರ್ತಾರೆ.

ಒಬ್ಬರ ವಿಷಯ ಹೇಳ್ಬೇಕು. ನಮ್ಮೂರಿನ ಕಾಟನ್ ಮಿಲ್ಲಲ್ಲಿ ಕೆಲಸ ಮಾಡ್ತಿದ್ದ ಹಿರಿಯರು, ಹೆಸರು ಬ್ಯಾಡ, ಪಾಳಿ ಮುಗಿಸಿ ಸೀದಾ ಅಂಗಡಿಗೆ ಬರೋರು, ತಲೆ ಮೇಲೆ, ಹುಬ್ಬಿನ ಮೇಲೆ ಹತ್ತಿ ಹಂಗೇ ಇರೋದು. ಅವರ ಹತ್ರ ಮಲ್ಲಿಕಾರ್ಜುನ ಮನ್ಸೂರರು ಹಾಡಿದ ವಚನಗಳ ಕ್ಯಾಸೆಟ್ ಒಂದಿತ್ತು. ದಿನಾ ರಾತ್ರಿ ಊಟ ಆದ್ಮೇಲೆ ಅದೇ ಒಂದು, ಎ ಸೈಡ್ ಹಾಕೋದು, ಮಗುಚೋದು, ಬಿ ಸೈಡ್ ಹಾಕೋದು, ಮಲಗೋದು. ಒಂದಿನ ರೀಲು ಹೆಡ್ಡಿಗೆ ಸುತ್ಕೊಂಡು ಜಜ್ಜಿ ಹೋಗಿತ್ತು, ಗೇಣಿಗೆ ಸ್ವಲ್ಪ ಕಮ್ಮಿ ಅಷ್ಟು ಉದ್ದ, ಅಕಾರ್ಡಿಯನ್ ಥರ ಮಡಿಕೆ ಮಡಿಕೆ. ಅದನ್ನ ಇಟ್ಕೊಂಡು ಓಡಿಸಿದ್ರೆ ಮತ್ತೆ ಸಿಕ್ಕಾಕೊಳ್ಳೋದು ಗ್ಯಾರಂಟಿ, ಕತ್ತರಿಸಲೇಬೇಕು. ಓಡಿಸಿ ನೋಡಿದೆ, ಅದೃಷ್ಟಕ್ಕೆ ಜಜ್ಜಿರೋ ಜಾಗ ಎರಡು ವಚನಗಳ ನಡುವಿನ ಖಾಲಿ ಜಾಗ. ಬ್ಲೇಡಲ್ಲಿ ಓರೆಯಾಗಿ ಕತ್ತರಿಸಿ, ಎರಡೂ ತುದಿ ಸೇರಿಸಿ, ಹಿಂದೆ ಟೇಪ್ ಅಂಟಿಸಿ, ಉಗುರಲ್ಲಿ ಒತ್ತಿ, ಪೆನ್ಸಿಲ್ ಹಾಕಿ ಸುತ್ತಿ ಕೊಟ್ಟೆ. ಒಂದು ಅಕ್ಷರಾನೂ ಹೋಗಿಲ್ಲ ಯಜಮಾನ್ರೇ, ಈ ಕಡೆ ಬರೀ ಖಾಲಿ ಜಾಗ ಹೋಗೈತೆ ಅಂದೆ.

ಮಾರನೇ ದಿನ ಬಂದ್ರು. ಮುಖ ಸಪ್ಪಗಿತ್ತು. "ಅಲ್ಲಪ್ಪಾ, ಅವರು ಉಸಿರು ತಗೊಳ್ಳೋ ಜಾಗ ಹೋಯ್ತಲ್ಲ" ಅಂದ್ರು.

ನಂಗೆ ತಕ್ಷಣ ತಿಳೀಲಿಲ್ಲ. ಅವರೇ ಬಿಡಿಸಿ ಹೇಳಿದ್ರು. ಆ ಮೊದಲ್ನೇ ವಚನ ಮುಗಿದ್ಮೇಲೆ ತಂಬೂರಿ ಕರಗಿ ಹೋಗುತ್ತಂತೆ, ಆಮೇಲೆ ಏನೂ ಇರಲ್ಲ, ಆ ಏನೂ ಇಲ್ಲದ ಹೊತ್ತಲ್ಲಿ ಮುಂದಿನ ವಚನ ಇವರ ಎದೆಯಲ್ಲಿ ಮೊದಲೇ ಎದ್ದು ಬಿಡುತ್ತಂತೆ, ಆಮೇಲೆ ಮನ್ಸೂರರು ಬಂದು ಅದನ್ನ ಕೈಹಿಡೀತಾರಂತೆ. ಈಗ ಇದು ಮುಗಿದ ಕೂಡ್ಲೇ ಅದು ಬಂದು ಬೀಳ್ತೈತೆ, ನನಗೆ ಏಳೋಕೆ ಟೈಮೇ ಇಲ್ಲ ಅಂದ್ರು. ಎಷ್ಟು ಹೊತ್ತು ಇತ್ತು ಯಜಮಾನ್ರೇ ಅಂದ್ರೆ, ಕಣ್ಣು ಮುಚ್ಕೊಂಡು, ತೊಡೆ ಮೇಲೆ ಕೈ ತಟ್ಟಿ ತೋರಿಸಿದ್ರು. ನಾನು ಗಡಿಯಾರ ಹಿಡಿದೆ. ನಾಲ್ಕು ಸೆಕೆಂಡು. ಕ್ಯಾಸೆಟ್ ಟೇಪು ಒಂದು ಸೆಕೆಂಡಿಗೆ ಪೌಣೇ ಐದು ಸೆಂಟಿಮೀಟರ್ ಓಡುತ್ತೆ, ಅಂದ್ರೆ ಹತ್ತೊಂಬತ್ತು ಸೆಂಟಿಮೀಟರ್. ಹಿಂದಿನ ದಿನ ಕತ್ತರಿಸಿದ ತುಂಡು ಇನ್ನೂ ಟೇಬಲ್ ಮೇಲೇ ಬಿದ್ದಿತ್ತು, ಸ್ಕೇಲ್ ಇಟ್ಟು ಅಳೆದೆ. ಕೂದಲೆಳೆ ವ್ಯತ್ಯಾಸ ಇಲ್ಲ ರೀ!

ಖಾಲಿ ಟೇಪಲ್ಲಿ ಅಷ್ಟೇ ಉದ್ದ ಕತ್ತರಿಸಿ ಸೇರಿಸಿದೆ. ಆದ್ರೆ ಕ್ಯಾಸೆಟ್ಟಲ್ಲಿ ಒಂದು ವಿಷಯ ಐತೆ, ಎರಡೂ ಸೈಡು ಒಂದೇ ಟೇಪಲ್ಲಿ ಇರ್ತವೆ, ಮೇಲಿನ ಅರ್ಧ ಈ ಕಡೆಗೆ, ಕೆಳಗಿನ ಅರ್ಧ ಆ ಕಡೆಗೆ. ಇಲ್ಲಿ ಖಾಲಿ ಜಾಗ ಸೇರಿಸಿದ್ರೆ ಅಲ್ಲಿ ಬಿ ಸೈಡಲ್ಲಿ ಹಾಡಿನ ನಡುವೆನೇ ನಾಲ್ಕು ಸೆಕೆಂಡು ದನಿ ಇರಲ್ಲ. ಅದನ್ನ ಮೊದಲೇ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ನಿದ್ದು, "ಇರ್ಲಿ ಬಿಡಪ್ಪಾ, ಅಲ್ಲಿ ನಾನೇ ಹಾಡ್ಕೊಂತೀನಿ" ಅಂದ್ರು. ಹಂಗೇ ಹಾಡಿ ತೋರಿಸಿದ್ರು ಕೂಡ, ಅಂಗಡೀಲೇ, ಗಿರಾಕಿಗಳ ಮುಂದೆ. ಮನ್ಸೂರರ ದನಿ ನಿಲ್ತು, ಇವರು ಎತ್ಕೊಂಡ್ರು, ಮನ್ಸೂರರು ವಾಪಸ್ ಬರೋ ಹೊತ್ತಿಗೆ ಸರಿಯಾಗಿ ಅದೇ ಸ್ವರದ ಮೇಲೆ ತಂದು ಬಿಟ್ರು. ಸಂಗೀತ ಕಲಿತೋರಲ್ಲ ಅವರು, ಸಾಲಾಗಿ ಕೇಳಿದ್ದು ಅಷ್ಟೇ. ಮೊದಲಿಂದ ಕೊನೇ ತನಕ, ದಿನಾ.

ಸರಿ, ಈ ಕಥೆಗೇ ಬಹಳ ಹೊತ್ತು ಹೋಯ್ತು, ಗಾಜಿನ ಆಚೆಯಿಂದ ಕೈ ಮಾಡ್ತಿದ್ದಾರೆ. ಆಲ್ಬಮ್‌ಗಳಿಗೆ ಬರ್ತೀನಿ.

ಒಂದೇ ಒಂದು ಕೇಳ್ತೀನಿ ಅನ್ನೋರಿಗೆ "ಕಾಲ್ ಆಫ್ ದಿ ವ್ಯಾಲಿ". 1967ರದ್ದು, ಎಚ್‌ಎಂವಿ ತಂದಿದ್ದು. ಸಂತೂರ್ ಶಿವಕುಮಾರ ಶರ್ಮಾ, ಕೊಳಲು ಹರಿಪ್ರಸಾದ್ ಚೌರಾಸಿಯಾ, ಗಿಟಾರು ಬ್ರಿಜ್‌ಭೂಷಣ್ ಕಾಬ್ರಾ, ತಬಲಾ ಮಾಣಿಕರಾವ್ ಪೋಪಟ್ಕರ್. ಶರ್ಮಾ, ಚೌರಾಸಿಯಾ ಇಬ್ಬರಿಗೂ ಆಗ ಮೂವತ್ತು ತುಂಬಿರಲಿಲ್ಲ, ಚೌರಾಸಿಯಾ ಅಂತೂ ಕಟಕ್ ಆಕಾಶವಾಣೀಲಿ ಕೆಲಸ ಮಾಡಿ ಬಂದೋರು, ನಮ್ಮ ರೇಡಿಯೋದೋರೇ. ಇದರಲ್ಲಿ ಹಾಡಿಲ್ಲ, ಮಾತಿಲ್ಲ, ಆದ್ರೆ ಕಥೆ ಐತೆ. ಕಾಶ್ಮೀರದ ಕಣಿವೆಯಲ್ಲಿ ಒಬ್ಬ ಕುರಿ ಕಾಯೋನ ಒಂದು ದಿನ. ಬೆಳಗಿನ ಜಾವ ಅಹಿರ್ ಭೈರವ್ ರಾಗ, ಹೊತ್ತೇರಿದಂಗೆ ನಟ್ ಭೈರವ್, ಆಮೇಲೆ ಪೀಲೂ, ಸಂಜೆಗೆ ಭೂಪ್, ರಾತ್ರಿಗೆ ದೇಸ್, ಕೊನೆಗೆ ಪಹಾಡಿ. ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಕಡೆ ಕುರಿ ಹಿಂದೆ ಓಡಾಡೋರಿಗೆ ಈ ದಿನ ಹೆಂಗಿರುತ್ತೆ ಅಂತ ನಾನು ಹೇಳೋದು ಬೇಡ, ಅವರಿಗೇ ಗೊತ್ತು. ಈಗ ಹೇಳ್ರಿ, ಇದನ್ನ ಷಫಲ್ ಮಾಡಿ, ಅಂದ್ರೆ ಸಾಲು ಕಲಸಿ ಕೇಳಿದ್ರೆ ಏನಾಗುತ್ತೆ? ರಾತ್ರಿ ಮೊದಲು, ಬೆಳಗು ಆಮೇಲೆ, ಮಧ್ಯಾಹ್ನ ಕೊನೇಗೆ! ಕುರಿ ಹಟ್ಟಿಗೆ ಹೋಗೋದು ಯಾವಾಗ? ಇದನ್ನ ನಲವತ್ತು ನಿಮಿಷ ಕೂತು ಕೇಳ್ರಿ. ಮೊದಲ ಸಲ ಬರೀ ಕೊಳಲು ಕೇಳುತ್ತೆ, ಎಲ್ಲರಿಗೂ ಹಂಗೇ. ಆಮೇಲಾಮೇಲೆ ಗಿಟಾರು ಕೇಳೋಕೆ ಶುರುವಾಗುತ್ತೆ, ಕಾಬ್ರಾ ಅವರು ಗಿಟಾರನ್ನ ಅಡ್ಡ ಮಲಗಿಸಿ, ತಂತಿ ಮೇಲೆ ಕಡ್ಡಿ ಜಾರಿಸಿ ನುಡಿಸೋದು, ಸ್ವರದಿಂದ ಸ್ವರಕ್ಕೆ ಎತ್ತದೇ ಎಳ್ಕೊಂಡು ಹೋಗ್ತಾರೆ. ಅದು ಕಿವಿಗೆ ಬಿದ್ದ ದಿನ ನಿಮಗೆ ಆಲ್ಬಮ್ಮೇ ಬೇರೆ ಆಗಿರುತ್ತೆ.

ಕನ್ನಡದಲ್ಲಿ "ನಿತ್ಯೋತ್ಸವ". 1978, ನಿಸಾರ್ ಅಹಮದರ ಕವಿತೆ, ಮೈಸೂರು ಅನಂತಸ್ವಾಮಿಯವರ ರಾಗ, ಕನ್ನಡದ ಮೊದಲ ಭಾವಗೀತೆ ಧ್ವನಿಸುರುಳಿ ಇದು. ನವೆಂಬರ್ ಬಂತು ಅಂದ್ರೆ ಪ್ರತಿ ಸರ್ಕಲ್ಲಲ್ಲೂ ಜೋಗದ ಸಿರಿ ಹಾಡು ಹಾಕ್ತಾರೆ, ಬಹಳ ಸಂತೋಷ, ಆದ್ರೆ ಅದೊಂದೇ ಹಾಕ್ತಾರೆ! ಅದರ ಅಕ್ಕಪಕ್ಕ ಇರೋ ಹಾಡುಗಳು ಏನು ಪಾಪ ಮಾಡಿದ್ವು? ಸಂಘದ ಹುಡುಗ್ರೇ, ಈ ಸಲ ಪೂರ್ತಿ ಹಾಕ್ರಪ್ಪಾ, ಮೊದಲಿಂದ ಕೊನೇ ತನಕ.

ಇಳಯರಾಜಾ ಅಂದ್ರೆ ಸಿನಿಮಾ ಅಷ್ಟೇ ಅಂದ್ಕೊಂಡಿರೋರಿಗೆ "ಹೌ ಟು ನೇಮ್ ಇಟ್", 1986. ತ್ಯಾಗರಾಜರಿಗೂ ಜರ್ಮನಿಯ ಸಂಗೀತಗಾರ ಬಾಕ್‌ಗೂ ಒಟ್ಟಿಗೆ ಅರ್ಪಣೆ ಮಾಡಿರೋದು, ಪಿಟೀಲಿನದೇ ರಾಜ್ಯಭಾರ. ಇಂಗ್ಲಿಷ್ ಕೇಳೋ ಕಾಲೇಜು ಮಕ್ಕಳಿಗೆ ಪಿಂಕ್ ಫ್ಲಾಯ್ಡ್ ತಂಡದೋರ "ಡಾರ್ಕ್ ಸೈಡ್ ಆಫ್ ದಿ ಮೂನ್", 1973. ಎದೆಬಡಿತದಿಂದ ಶುರುವಾಗಿ ಎದೆಬಡಿತದಲ್ಲೇ ಮುಗಿಯುತ್ತೆ, ಬಹುತೇಕ ಒಂದು ಹಾಡು ಇನ್ನೊಂದರೊಳಗೇ ಹರ್ಕೊಂಡು ಹೋಗುತ್ತೆ, ನಡುವೆ ಕತ್ತರಿಸೋಕೆ ಜಾಗಾನೇ ಬಿಟ್ಟಿಲ್ಲ. ನಾಲ್ಕನೇ ಹಾಡಿನ ಮೊದಲಿಗೆ ಗಡಿಯಾರಗಳೆಲ್ಲ ಒಟ್ಟಿಗೆ ಬಡ್ಕೊಳ್ತವಲ್ಲ, ಅವನ್ನ ಹಳೇ ಗಡಿಯಾರದ ಅಂಗಡೀಲಿ ಒಂದೊಂದಾಗಿ ರೆಕಾರ್ಡ್ ಮಾಡ್ಕೊಂಡು ಬಂದು ಸೇರಿಸಿದ್ದು. ಅದರ ಹಿಂದಿನ ಹಾಡು ಕೇಳದೇ ಬರೀ ಗಡಿಯಾರ ಕೇಳಿದ್ರೆ ಸದ್ದು ಅಷ್ಟೇ, ಸಾಲಾಗಿ ಬಂದ್ರೆ ಎದೆ ಧಸಕ್ ಅನ್ನುತ್ತೆ. ಅಮೆರಿಕದ ಜಾಝ್ ಸಂಗೀತಗಾರ ಮೈಲ್ಸ್ ಡೇವಿಸ್ ಅವರ 1959ರ "ಕೈಂಡ್ ಆಫ್ ಬ್ಲೂ" ಬಗ್ಗೆ ಬಹಳ ಹೇಳೋದಿತ್ತು, ಟೈಮಿಲ್ಲ, ಐದೇ ಐದು ತುಣುಕು, ರಾತ್ರಿ ಕೇಳ್ರಿ.

ನಮ್ಮ ದುರ್ಗದ ಕಥೆ, ತ.ರಾ.ಸು. ಅವರ ಕಾದಂಬರಿಯಿಂದ ಬಂದ "ಹಂಸಗೀತೆ" ಸಿನಿಮಾದ ಸಂಗೀತಾನೂ ಈ ಪಟ್ಟೀಲಿ ಇರಲೇಬೇಕು. ಅದರಲ್ಲಿ ಹಾಡಿದ್ದಕ್ಕೆ ಬಾಲಮುರಳಿಕೃಷ್ಣ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಕೋಟೆ ಹತ್ತಿ ಬಂದ ದಿನ ಕೇಳ್ರಿ, ಒಂದಾದ ಮೇಲೊಂದು.

ಯಾವಾಗ ಕೇಳೋದು ರೀ, ನಮಗೆಲ್ಲಿ ಪುರುಸೊತ್ತು ಅಂತೀರಿ. ರಾತ್ರಿ ಹೊತ್ತು ತ್ರೀ ಫೇಸ್ ಕರೆಂಟ್ ಕೊಡ್ತಾರಲ್ಲ, ತೋಟಕ್ಕೆ ನೀರು ಕಟ್ಟೋಕೆ ಹೋಗ್ತೀರಲ್ಲ, ಒಂದು ಸಾಲು ತುಂಬೋದ್ರೊಳಗೆ ಒಂದು ಸೈಡ್ ಮುಗಿಯುತ್ತೆ. ಶೇಂಗಾ ಬಿಡಿಸುವಾಗ, ರೊಟ್ಟಿ ತಟ್ಟುವಾಗ, ದುರ್ಗದಿಂದ ದಾವಣಗೆರೆಗೆ ಬಸ್ಸಲ್ಲಿ ಬರುವಾಗ, ಆ ದಾರಿ ಒಂದು ಆಲ್ಬಮ್ಮಿಗೆ ಸಾಕು. ಮೊಬೈಲಲ್ಲಿ ಒಂದು ಕೆಲಸ ಮಾಡ್ರಿ. ಎರಡು ಬಾಣ ಒಂದರ ಮೇಲೊಂದು ಹಾದು ಹೋದಂಗೆ ಒಂದು ಗುರುತು ಇರುತ್ತೆ, ಅದೇ ಷಫಲ್, ಅದನ್ನ ಆಫ್ ಮಾಡ್ರಿ. ಇಂಗ್ಲೆಂಡಿನ ಗಾಯಕಿ ಅಡೆಲ್ 2021ರಲ್ಲಿ ಸ್ಪಾಟಿಫೈನೋರಿಗೆ ಇದನ್ನೇ ಕೇಳಿದ್ರು, ನಾವು ಯೋಚನೆ ಮಾಡಿ ಸಾಲು ಹಾಕಿರ್ತೀವಿ, ನೀವು ಕಲಸಬ್ಯಾಡ್ರಿ ಅಂತ. ಅವರು ಕೇಳಿದ್ಮೇಲೆ ಆಲ್ಬಮ್ ಪುಟದಲ್ಲಿ ಮುಖ್ಯ ಬಟನ್ ಒತ್ತಿದ್ರೆ ಷಫಲ್ ಆಗೋದನ್ನ ತೆಗೆದ್ರು. ಯೂಟ್ಯೂಬಲ್ಲಿ ಹುಡುಕೋರು "ಬೆಸ್ಟ್ ಆಫ್" ಅಂತ ಇರೋದನ್ನ ಬಿಡ್ರಿ, ಅದು ಯಾರೋ ಹೆಕ್ಕಿ ಗುಡ್ಡೆ ಹಾಕಿರೋದು. ಆಲ್ಬಮ್ಮಿನ ಹೆಸರೇ ಹಾಕಿ ಹುಡುಕ್ರಿ, ಹಾಡಿನ ಸಾಲು ಹಳೇ ಕ್ಯಾಸೆಟ್ ಡಬ್ಬಿ ಮೇಲೆ ಬರ್ದಿರುತ್ತೆ, ಮನೇಲಿದ್ರೆ ತೆಗೆದು ತಾಳೆ ನೋಡ್ರಿ.

ಒಂದು ಸಲ ಕೇಳಿ ಹಿಡಿಸಲಿಲ್ಲ ಅಂತ ನನ್ನ ಹತ್ರ ಬರಬ್ಯಾಡ್ರಿ, ಇನ್ನೊಂದು ನಾಲ್ಕೈದು ಸಲ ಕೇಳಿ ಆಮೇಲೆ ಬರ್ರಿ, ಅಂಗಡೀಲೇ ಇರ್ತೀನಿ, ಮಾತಾಡೋಣ. ಹಳೇ ಕ್ಯಾಸೆಟ್ ಏನಾದ್ರೂ ರೀಲು ಸಿಕ್ಕಾಕೊಂಡು ಅಟ್ಟದ ಮೇಲೆ ಬಿದ್ದಿದ್ರೆ ಅದನ್ನೂ ತಗೊಂಡು ಬರ್ರಿ, ನೀವೇ ಎಳೆದು ಬಿಡಿಸೋಕೆ ಹೋಗಬ್ಯಾಡ್ರಿ. ನಮಸ್ಕಾರ.