ಕ್ರಾಸ್‌ನಾಗ ಕೇಳೋಣ ಅಂತ ಬಿಡಬ್ಯಾಡ್ರಿ, ಈಗ್ಲೇ ಬರೆದು ಕೇಳ್ರಿ

ನಮಸ್ಕಾರ ರೀ ಎಲ್ಲಾರಿಗೂ. ಇವತ್ತ ಡೈವೋರ್ಸ್ ಕೇಸ್‌ನಾಗ ಎದುರಿನವರ ಕಡಿಂದ ಲೆಕ್ಕ, ಕಾಗದ ಹೆಂಗ ಹೊರಗ ತರಸೋದು ಅನ್ನೋದರ ಬಗ್ಗೆ ಮಾತಾಡ್ತೀನಿ. ನಾ ವಕೀಲೆ ಅಲ್ಲ. ಗಂಗಾವತ್ಯಾಗ ಒಂದು ರೈಸ್ ಮಿಲ್‌ನಾಗ ಲೆಕ್ಕ ಬರೆಯಾಕಿ, ಮತ್ತ ನನ್ನ ತಂಗಿ ಕೇಸಿಗೆ ಎರಡು ವರ್ಷದಿಂದ ಪ್ರತಿ ಪೇಶಿಗೂ ಅಕಿ ಜೋಡಿ ಹೋಗಿ ಕುಂತೀನಿ, ಅಲ್ಲಿ ಏನು ನೋಡಿದೆ ಅದನ್ನ ಹೇಳಾಕತ್ತೀನಿ.

ತಂಗಿ ಗಂಡ ಕೋರ್ಟಿಗೆ ಬರೆದುಕೊಟ್ಟಿದ್ದು ಇಷ್ಟ: ಹೊಲ ಎಲ್ಲಾ ಅಪ್ಪನ ಹೆಸರಿಲೆ ಐತಿ, ನಾ ಅಲ್ಲೇ ದುಡೀತೀನಿ, ನನ್ನ ಕೈಯಾಗ ರೊಕ್ಕ ಇರಂಗಿಲ್ಲ. ಸಂಬಳದ ಸ್ಲಿಪ್ ಇಲ್ಲ, ಐಟಿ ರಿಟರ್ನ್ ಇಲ್ಲ. ಬೇಸಾಯದ ಆದಾಯಕ್ಕ ಇನ್‌ಕಮ್ ಟ್ಯಾಕ್ಸೇ ಇಲ್ಲ ಅಂದಮ್ಯಾಲ ರಿಟರ್ನ್ ಎಲ್ಲಿಂದ ಬರಬೇಕು. ನಮ್ಮ ವಕೀಲರು ಒಳ್ಳೇರು, ಅವರ ಮ್ಯಾಲ ನನಗ ಸಿಟ್ಟಿಲ್ಲ, ಆದ್ರ ಅವರೂ ಎಲ್ಲಾರಂಗ "ಇರಲಿ ಬಿಡವ್ವ, ಕ್ರಾಸ್‌ನಾಗ ಕೇಳೋಣ" ಅಂದ್ರು. ಕ್ರಾಸ್ ಅಂದ್ರ ಪಾಟೀಸವಾಲು, ಎದುರಿನವರನ್ನ ಕಟಕಟ್ಯಾಗ ನಿಲ್ಲಿಸಿ ನಮ್ಮ ವಕೀಲರು ಪ್ರಶ್ನೆ ಕೇಳೋದು.

ನಂದು ತಕರಾರು ಇರೋದು ಆ ಮಾತಿನ ಮ್ಯಾಲ. ಕ್ರಾಸ್ ಬರೋದು ಯಾವಾಗ? ವರ್ಷ ಆದಮ್ಯಾಲ. ಆವಾಗ ಕಟಕಟ್ಯಾಗ ನಿಂತು "ನೆನಪಿಲ್ಲ ಸ್ವಾಮಿ" ಅಂದುಬಿಟ್ರ ಮುಗೀತು, ಮುಂದಿನ ಪ್ರಶ್ನೆಗೆ ಹೋಗ್ತಾರ. ಅದ ಪ್ರಶ್ನೆನ ಬರೆದು ಕೊಟ್ರ ಮನಿಯಾಗ ಕುಂತು, ಪಾಸ್‌ಬುಕ್ ತೆಗೆದು ನೋಡಿ, ಪ್ರಮಾಣ ಮಾಡಿ ಉತ್ತರ ಬರೀಬೇಕು. ಮನಿಯಾಗ ಪಾಸ್‌ಬುಕ್ ಇಟಗೊಂಡು ನೆನಪಿಲ್ಲ ಅಂತ ಹೆಂಗ ಬರೀತಾರ ಹೇಳ್ರಿ.

ಇದಕ್ಕ ಕಾನೂನಿನ್ಯಾಗ ಜಾಗ ಐತಿ. ಸಿವಿಲ್ ಪ್ರೊಸೀಜರ್ ಕೋಡ್‌ನಾಗ ಆರ್ಡರ್ 11, ಆರ್ಡರ್ ಅಂದ್ರ ಇಲ್ಲಿ ಒಂದು ಅಧ್ಯಾಯ ಇದ್ದಂಗ. ಬರೆದು ಕೇಳೋ ಪ್ರಶ್ನೆಗೆ ಇಂಟರಾಗಟರೀಸ್ ಅಂತಾರ, ಕೋರ್ಟಿನ ಅನುಮತಿ ತಗೊಂಡು ಕೊಡಬೇಕು, ಕೋರ್ಟು ಬ್ಯಾರೆ ಟೈಮ್ ಕೊಡದಿದ್ರ 10 ದಿನದಾಗ ಅಫಿಡವಿಟ್ ಮ್ಯಾಲ, ಅಂದ್ರ ಪ್ರಮಾಣ ಮಾಡಿದ ಕಾಗದದ ಮ್ಯಾಲ, ಉತ್ತರ ಬರಬೇಕು. ರೂಲ್ 12ರಾಗ ನಿಮ್ಮ ಹತ್ರ ಏನೇನು ಕಾಗದ ಅದಾವ ಅಂತ ಪ್ರಮಾಣ ಮಾಡಿ ಹೇಳ್ರಿ ಅನ್ನಬಹುದು, ರೂಲ್ 14ರಾಗ ಆ ಕಾಗದ ತಂದು ಹಾಜರ್ ಮಾಡ್ರಿ ಅನ್ನಬಹುದು. ಕೋರ್ಟು ಆದೇಶ ಮಾಡಿದಮ್ಯಾಲೂ ಕೊಡ್ಲಿಲ್ಲ ಅಂದ್ರ ರೂಲ್ 21, ಕೇಸ್ ಹಾಕಿದವರದ್ದು ಆದ್ರ ಕೇಸ್ ವಜಾ ಆಗಬಹುದು, ಎದುರಿನವರದ್ದು ಆದ್ರ ಅವರ ಡಿಫೆನ್ಸ್, ಅಂದ್ರ ಅವರು ಕೊಟ್ಟ ಎದುರು ವಾದನ, ಹೊಡೆದು ಹಾಕಬಹುದು. ಅಮೆರಿಕದಾಗ ಇದು ದಿನದ ಕೆಲಸ, ಕ್ಯಾಲಿಫೋರ್ನಿಯಾದಾಗ ಜಡ್ಜ್ ಪರ್ಮಿಷನ್ ಇಲ್ದ ನೇರ ಕಳಸ್ತಾರ, 30 ದಿನದಾಗ ಉತ್ತರ ಕೊಡಬೇಕು. ನಮ್ಮಲ್ಲಿ ರೂಲ್ ಅದಾವ, ಬಳಸೋರು ಕಮ್ಮಿ, ನನಗ ಹೊಟ್ಟಿ ಉರಿಯೋದು ಇದಕ್ಕ.

ಜೀವನಾಂಶದ ವಿಷಯದಾಗ ಇನ್ನೂ ಗಟ್ಟಿ ಹಿಡಿತ ಐತಿ. 2020ರ ನವೆಂಬರ್ 4ಕ್ಕ ಸುಪ್ರೀಂ ಕೋರ್ಟು ರಜನೇಶ್ ವರ್ಸಸ್ ನೇಹಾ ಕೇಸ್‌ನಾಗ ಗಂಡ ಹೆಂಡ್ತಿ ಇಬ್ರೂ ಆಸ್ತಿ, ಸಾಲ, ಆದಾಯದ ಅಫಿಡವಿಟ್ ಹಾಕಬೇಕು, ಎದುರಿನವರು 4 ವಾರದಾಗ ಹಾಕಬೇಕು ಅಂತ ಹೇಳ್ಯದ. ಅದರಾಗ ಹೇಳಿದ್ದು ಸುಳ್ಳು ಅನಿಸಿದ್ರ ಇದ ಆರ್ಡರ್ 11ರಾಗ ಪ್ರಶ್ನೆ ಕೊಡಾಕ, ಕಾಗದ ಕೇಳಾಕ ಅನುಮತಿ ಕೇಳ್ರಿ ಅಂತ ಅದ ತೀರ್ಪಿನ್ಯಾಗ ಬರೆದಾರ. ಮತ್ತ ನಮ್ಮ ಕಡೆಯವರು ಕಿವಿಗೊಟ್ಟು ಕೇಳಬೇಕಾದ್ದು ಅಂದ್ರ, ರೈತರಿಗೆ ಅಂತಾನ ಬ್ಯಾರೆ ನಮೂನಿ ಐತಿ ಅದರಾಗ. ಎಷ್ಟು ಹೊಲ, ನೀರಾವರಿನೋ ಒಣ ಬೇಸಾಯನೋ, ಎಮ್ಮಿ ಆಕಳ ಎಷ್ಟು, ಹೊಲದ ಮ್ಯಾಲ ಸಾಲ ಎಷ್ಟು, ಎಲ್ಲಾ ಬರೀಬೇಕು. ತಂಗಿ ಗಂಡ ನೌಕರಿಯವರ ನಮೂನಿ ತುಂಬಿ "ಆದಾಯ ಇಲ್ಲ" ಅಂತ ಬರೆದಿದ್ದ, ಮೊದಲ ಐದು ತಿಂಗಳು ಅದನ್ನ ನಮ್ಮ ಕಡೆ ಯಾರೂ ಗಮನಿಸಲೇ ಇಲ್ಲ.

ಆಮ್ಯಾಲ ನಾನು ತಂಗಿ ಕುಂತು ಒಂದು ನೋಟ್‌ಬುಕ್‌ನಾಗ ಪ್ರಶ್ನೆ ಬರೆದ್ವಿ. ಮೊದಲ ಅಕಿ ಬರೆದಿದ್ದು "ನಿಮ್ಮ ಆಸ್ತಿ ಎಷ್ಟು". ಅದಕ್ಕ ಒಂದ ಸಾಲಿನ ಉತ್ತರ ಬರ್ತತಿ, ಏನೂ ಇಲ್ಲ ಅಂತ. ನಾ ಮಿಲ್‌ನಾಗ ದಿನಾ ನೋಡೋದು ಬ್ಯಾರೆನ ಇರ್ತತಿ. ಕಾರಟಗಿ, ಸಿಂಧನೂರು, ಸಿರುಗುಪ್ಪ, ಎಲ್ಲಿ ಭತ್ತನ ಆಗಲಿ, ಮಾಲು ಮಾರಿದ್ರ ಚೀಟಿ ಆಗ್ತತಿ, ರೊಕ್ಕ ಯಾವುದೋ ಒಂದು ಖಾತೆಗೆ ಬೀಳ್ತತಿ. ಅದಕ್ಕ ಹಿಂಗ ಬರೆದ್ವಿ: ಹಿಂದಿನ ಮೂರು ವರ್ಷದಾಗ ಪ್ರತಿ ಬೆಳಿಗೆ ಎಷ್ಟು ಚೀಲ ಭತ್ತ ಮಾರಿದ್ರಿ, ಯಾವ ದಲಾಲಿ ಅಂಗಡಿಗೆ ಹಾಕಿದ್ರಿ, ಚೀಟಿ ಯಾರ ಹೆಸರಿಲೆ ಆತು, ರೊಕ್ಕ ಯಾವ ಖಾತೆಗೆ ಬಂತು. ಮುಚ್ಚಿದ ಖಾತೆ, ಸೊಸೈಟಿ ಖಾತೆ, ಅವ್ವ ಅಪ್ಪನ ಜೋಡಿ ಜಾಯಿಂಟ್ ಇರೋ ಖಾತೆ ಸೇರಿ ಎಲ್ಲಾ ಖಾತೆ ನಂಬರ್ ಕೊಡ್ರಿ. ಲೀಜಿಗೆ ಮಾಡಿದ ಹೊಲ ಎಷ್ಟು ಎಕರೆ. ಒಂದು ಪ್ರಶ್ನೆಗೆ ಒಂದ ವಿಷಯ, ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಅಂತ. ಪಹಣಿ ನಾವ ಭೂಮಿ ವೆಬ್‌ಸೈಟ್‌ನಾಗ ತೆಗೆದ್ವಿ, ಅದನ್ನ ಅವರನ್ನ ಕೇಳೋ ಅಗತ್ಯನ ಇಲ್ಲ.

ಕಾಗದದಾಗ ಎಲ್ಲಾಕ್ಕಿಂತ ಕೆಲಸಕ್ಕ ಬಂದಿದ್ದು ಟ್ರ್ಯಾಕ್ಟರ್ ಸಾಲದ ಅರ್ಜಿ. ಸಾಲ ಕೇಳಾಕ ಹೋದಾಗ ಯಾರೂ ನನಗ ಆದಾಯ ಇಲ್ಲ ಅನ್ನಂಗಿಲ್ಲ ನೋಡ್ರಿ, ಇಷ್ಟು ಎಕರೆ, ಎರಡು ಬೆಳಿ, ವರ್ಷಕ್ಕ ಇಷ್ಟು ಉತ್ಪನ್ನ ಅಂತ ಸಹಿ ಮಾಡಿ ಕೊಟ್ಟಿರ್ತಾರ. ಕೋರ್ಟಿಗೆ ಒಂದು, ಬ್ಯಾಂಕಿಗೆ ಒಂದು. ಇಬ್ಬರಿಗೂ ಕೊಟ್ಟಿದ್ದು ಒಂದ ಕೈ ಸಹಿ. ಅದಕ್ಕ ಸಾಲದ ಅರ್ಜಿ, ಬೆಳೆಸಾಲದ ಅರ್ಜಿ, ಗಾಡಿ ಇನ್ಸೂರೆನ್ಸ್, ಮಕ್ಕಳ ಸ್ಕೂಲ್ ಫೀ ಯಾರು ಕಟ್ಟಿದ್ರು ಅದರ ರಸೀದಿ, ಇವನ್ನ ಹೆಸರು ಹಿಡಿದು ಕೇಳ್ರಿ. "ಎಲ್ಲಾ ಕಾಗದ ಕೊಡ್ರಿ" ಅಂದ್ರ ಕೋರ್ಟು ಒಪ್ಪಂಗಿಲ್ಲ, ಒಪ್ಪಲೂಬಾರದು.

ಅವ್ವ ಅಡಿಗಿಮನಿ ಬಾಗಲದಾಗ ಕುಂತು ಕೇಳಾಕತ್ತಿದ್ಲು, ನಡುವ ಅಂದ್ಲು, ಯುಗಾದಿ ದಿನ ನನ್ನ ಮಗಳನ್ನ ಯಾಕ ಹೊರಗ ಹಾಕ್ದಿ ಅಂತ ಅದನ್ನೂ ಬರೀರಿ ಅಂತ. ಬರೀಲಿಲ್ಲ. ಇದು ಜೀವನಾಂಶದ ಲೆಕ್ಕ, ಇದರಾಗ ಅಂಥ ಪ್ರಶ್ನೆ ಸೇರಿಸಿದ್ರ ಸಂಬಂಧ ಇಲ್ಲ, ಮಾನ ಕಳಿಯೋ ಪ್ರಶ್ನೆ ಅಂತ ಅವರು ತಕರಾರು ಹಾಕ್ತಾರ, ಅದರ ಜೋಡಿ ಒಳ್ಳೆ ಪ್ರಶ್ನೆನೂ ತಡ ಆಗ್ತಾವ. ಅವ್ವ ಒಂದು ವಾರ ನನ್ನ ಜೋಡಿ ಸರಿಯಾಗಿ ಮಾತಾಡ್ಲಿಲ್ಲ. ನನಗೂ ನೋವಾತು, ಯಾಕಂದ್ರ ಅಕಿ ಕೇಳಿದ್ದ ನಿಜವಾದ ಪ್ರಶ್ನೆ.

ಇನ್ನೊಂದು, ನಿಮ್ಮದೂ ಸ್ವಚ್ಛ ಇರಬೇಕು. ತಂಗಿ ಬ್ಲೌಸ್ ಹೊಲೀತಾಳ, ತಿಂಗಳಿಗೆ ನಾಲ್ಕೈದು ಸಾವಿರ ಬರ್ತತಿ. ಅದನ್ನ ಬರೀಬ್ಯಾಡ, ಕೊಡೋದು ಕಮ್ಮಿ ಆಗ್ತತಿ ಅಂತ ಓಣ್ಯಾಗ ಹತ್ತು ಮಂದಿ ಹೇಳಿದ್ರು. ನಾನ ಕುಂತು ಬರಿಸಿದೆ, ಗೂಗಲ್ ಪೇ ಸ್ಟೇಟ್‌ಮೆಂಟ್ ಸಮೇತ, ತವರಿನಿಂದ ಹಾಕಿದ ಬಂಗಾರ ಸಮೇತ. ಆರ್ಡರ್ 11 ಅವರ ಕೈಯಾಗೂ ಇರ್ತತಿ ರೀ, ನಾಳೆ ಅವರೂ ಬರೆದು ಕೇಳ್ತಾರ. ಸುಳ್ಳು ಅಫಿಡವಿಟ್ಟಿಗೆ ಕ್ರಿಮಿನಲ್ ಕೇಸ್ ಆಗಬಹುದು, ಹೆಂಡ್ತಿಗೂ ಆಗಬಹುದು.

ವಕೀಲರಿಗೆ ಕೊಡಾಕ ರೊಕ್ಕ ಇಲ್ಲ ಅನ್ನೋ ಅಕ್ಕ ತಂಗೇರು ಜಿಲ್ಲಾ ಕೋರ್ಟಿನ ಆವರಣದಾಗ ಕಾನೂನು ಸೇವಾ ಪ್ರಾಧಿಕಾರ ಇರ್ತತಿ, ಅಲ್ಲಿಗೆ ಹೋಗ್ರಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟ ಇರಲಿ ಪುಕ್ಕಟೆ ವಕೀಲರನ್ನ ಕೊಡಬೇಕು ಅಂತ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಸೆಕ್ಷನ್ 12ರಾಗ ಐತಿ, ಫೋನ್ ಮಾಡೋದಾದ್ರ 15100. ಕೊಟ್ಟ ವಕೀಲರಿಗೆ ಹೆದರದ ಹೇಳ್ರಿ, ಸರ್, ಆರ್ಡರ್ 11ರಾಗ ಒಂದು ಅರ್ಜಿ ಹಾಕ್ರಿ, ಪ್ರಶ್ನೆ ನಾ ಬರಕೊಂಡು ಬಂದೀನಿ ಅಂತ.

ನಮ್ಮ ಪ್ರಶ್ನೆಗೆ ಮೂರನೇ ಪೇಶಿಗೆ ಉತ್ತರ ಬಂತು. ಚೀಟಿ ಅಪ್ಪನ ಹೆಸರಿಲೆ, ಆದ್ರ ರೊಕ್ಕ ನನ್ನ ಖಾತೆಗೆ ಬರ್ತತಿ ಅಂತ ಅವನ ಬರೆದಾನ, ಖಾತೆ ನಂಬರ್ ಕೊಟ್ಟಾನ. ಆ ಖಾತೆ ಸ್ಟೇಟ್‌ಮೆಂಟ್ ಬ್ಯಾಂಕಿನಿಂದ ತರಸ್ರಿ ಅಂತ ಮುಂದಿನ ಅರ್ಜಿ ಹಾಕೀವಿ, ಬರೋ ತಿಂಗಳು ಅದರ ಪೇಶಿ ಐತಿ.