ಮೊದಲು ಕಣ್ಣೀರು, ಆಮೇಲೆ ಮಾತುಕತೆ

ಕೇಳುಗರಿಗೆ ನಮಸ್ಕಾರ. ಜಗಳವಾಡಿದ ಎರಡು ಪಕ್ಷಗಳು ಸಂಧಾನಕ್ಕೆ ಕುಳಿತಾಗ ಮೊದಲು ಏನು ಮಾಡಬೇಕು ಎಂದು ಯಾರನ್ನೇ ಕೇಳಿದರೂ, ಗಡಿ ಗುರುತಿಸಬೇಕು, ಷರತ್ತು ಬರೆಯಬೇಕು ಎನ್ನುತ್ತಾರೆ. ಉತ್ತರ ಅಮೆರಿಕದ ಹೋಡೆನೊಶೋನಿ ಜನರ ಉತ್ತರ ಬೇರೆ: ಮೊದಲು ಎದುರಿಗಿರುವವರ ಕಣ್ಣೀರು ಒರೆಸಬೇಕು. ಇಂದು ನಾನು ಹೇಳಬೇಕೆಂದಿರುವುದು ಇದೊಂದೇ ಮಾತು.

ಹೋಡೆನೊಶೋನಿ ಎಂದರೆ ಉದ್ದಮನೆಯವರು. ಹೊರಗಿನವರು ಇವರನ್ನು ಇರೊಕ್ವಾ ಎಂದು ಕರೆದರು. ಮೊಹಾಕ್, ಒನೈಡಾ, ಒನೊಂಡಾಗ, ಕಯೂಗ, ಸೆನೆಕ ಎಂಬ 5 ಜನಾಂಗಗಳು, ಇಂದು ನ್ಯೂಯಾರ್ಕ್ ರಾಜ್ಯವಿರುವ ನೆಲದಲ್ಲಿ, ಯುರೋಪಿನವರು ಕಾಲಿಡುವ ಮೊದಲೇ ಒಂದು ಒಕ್ಕೂಟ ಕಟ್ಟಿಕೊಂಡಿದ್ದವು; 18ನೇ ಶತಮಾನದ ಆರಂಭದಲ್ಲಿ ಟಸ್ಕರೋರ ಜನರೂ ಸೇರಿ ಅವು 6 ಆದವು. ಅಮೆರಿಕದ ಸಂವಿಧಾನಕ್ಕೆ ಇವರೇ ಮಾದರಿಯೇ ಎಂಬ ಚರ್ಚೆಯನ್ನು ಹಲವರು ಎತ್ತುತ್ತಾರೆ. ದಯವಿಟ್ಟು ಅದನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳೋಣ, ಏಕೆಂದರೆ ಆ ಚರ್ಚೆಯಲ್ಲಿ, ಈ ಒಕ್ಕೂಟ ಕಟ್ಟಿದವರಲ್ಲಿ ಒಬ್ಬನಾದ ಹಯವಾಥಾನ ಕಥೆಯೇ ಕಳೆದುಹೋಗುತ್ತದೆ.

ಆ ಐತಿಹ್ಯ ಹೀಗಿದೆ. ಐದೂ ಜನಾಂಗಗಳು ಕೊಲೆಗೆ ಕೊಲೆ ಎಂದು ಸೇಡು ತೀರಿಸಿಕೊಳ್ಳುತ್ತಿದ್ದ ಕಾಲ. ಹಯವಾಥಾನ ಹೆಣ್ಣುಮಕ್ಕಳು ಒಬ್ಬರ ಹಿಂದೊಬ್ಬರು ಸತ್ತರು. ಅವನು ಊರು ಬಿಟ್ಟು ಕಾಡು ಹಿಡಿದ. ದಾರಿಯಲ್ಲಿ ಒಂದು ಕೆರೆ. ಅದರಲ್ಲಿದ್ದ ನೀರಹಕ್ಕಿಗಳ ಹಿಂಡು ಒಮ್ಮೆಲೇ ಹಾರಿದಾಗ ನೀರೂ ಅವುಗಳ ಜೊತೆ ಮೇಲೆದ್ದಿತು, ತಳದಲ್ಲಿ ಚಿಪ್ಪುಗಳು ಕಂಡವು. ಅವನು ಅವನ್ನು ಆಯ್ದು ದಾರಕ್ಕೆ ಪೋಣಿಸಿದ. ರಾತ್ರಿ ಬೆಂಕಿ ಹೊತ್ತಿಸಿ, ಎರಡು ಕವೆಗೋಲು ನೆಟ್ಟು, ಅಡ್ಡಕೋಲಿಗೆ ಆ ಸರಗಳನ್ನು ತೂಗುಹಾಕಿ, ನನ್ನಂತೆ ದುಃಖದಲ್ಲಿರುವವರು ಯಾರಾದರೂ ಕಂಡರೆ ಈ ಸರ ಹಿಡಿದು ಸಂತೈಸುತ್ತಿದ್ದೆ ಎಂದು ತನಗೆ ತಾನೇ ಹೇಳಿಕೊಂಡ. ಅವನನ್ನು ಸಂತೈಸಲು ಮಾತ್ರ ಯಾರೂ ಬರಲಿಲ್ಲ. ಕೊನೆಗೊಬ್ಬ ಬಂದ. ಅವನ ಹೆಸರನ್ನು ಹೋಡೆನೊಶೋನಿಗಳು ಸುಮ್ಮಸುಮ್ಮನೆ ಉಚ್ಚರಿಸುವುದಿಲ್ಲ, ಶಾಂತಿದೂತ ಎಂದಷ್ಟೇ ಕರೆಯುತ್ತಾರೆ. ಅವನು ಅದೇ ಸರಗಳನ್ನು ಕೈಗೆತ್ತಿಕೊಂಡು, ಹಯವಾಥಾ ಹೇಳಿಕೊಳ್ಳುತ್ತಿದ್ದ ಮಾತುಗಳನ್ನೇ ಹಯವಾಥಾನಿಗೆ ಹೇಳಿದ. ಇಷ್ಟೇ. ಆಮೇಲೆ ಹಯವಾಥಾನ ಬುದ್ಧಿ ತಿಳಿಯಾಯಿತು.

ಅಂದಿನಿಂದ ಅದು ಕ್ರಮವಾಯಿತು. ಸಂಧಾನಕ್ಕೆ ಬಂದವರು ಕಾಡಿನ ಅಂಚಿನಲ್ಲೇ ನಿಲ್ಲುತ್ತಾರೆ, ಊರಿನವರು ಅಲ್ಲಿಗೆ ಹೋಗಿ ಎದುರುಗೊಳ್ಳುತ್ತಾರೆ. ಮೊದಲ ಸರಕ್ಕೆ ಮೆದುವಾದ ಜಿಂಕೆಚರ್ಮದಿಂದ ಕಣ್ಣು ಒರೆಸುವ ಮಾತು, ಎರಡನೆಯದಕ್ಕೆ ಕಿವಿಯ ಅಡಚಣೆ ತೆಗೆಯುವ ಮಾತು, ಮೂರನೆಯದಕ್ಕೆ ಗಂಟಲು ಕಟ್ಟಿದ್ದನ್ನು ಬಿಡಿಸುವ ಮಾತು. ನಮ್ಮ ಕನ್ನಡದಲ್ಲಿ ಕಣ್ಣೊರೆಸುವ ತಂತ್ರ ಎಂದರೆ ಬೂಟಾಟಿಕೆ. ಅಲ್ಲಿ ಅದು ರಾಜಕಾರಣದ ಮೊದಲ ಕೆಲಸ. ಅತ್ತವನಿಗೆ ಕಣ್ಣು ಕಾಣುವುದಿಲ್ಲ, ಕಿವಿ ಕೇಳುವುದಿಲ್ಲ, ಬಾಯಿ ಬರುವುದಿಲ್ಲ. ಅಂಥವನ ಮುಂದೆ ಒಪ್ಪಂದದ ಕಾಗದ ಹಿಡಿದರೆ ಏನು ಪ್ರಯೋಜನ? ಇನ್ನೊಂದು ಮಾತು: ದುಃಖದಲ್ಲಿರುವವರು ತಮ್ಮ ಕಣ್ಣು ತಾವೇ ಒರೆಸಿಕೊಳ್ಳುವ ಪದ್ಧತಿಯಿಲ್ಲ, ಸಭೆಯ ಬೆಂಕಿಯ ಆಚೆ ಬದಿಯಲ್ಲಿ ಕುಳಿತವರು ಒರೆಸಬೇಕು. 18ನೇ ಶತಮಾನದಲ್ಲಿ ಇವರೊಡನೆ ವ್ಯವಹರಿಸಲು ಬಂದ ಬ್ರಿಟಿಷ್ ಅಧಿಕಾರಿ ವಿಲಿಯಂ ಜಾನ್ಸನ್ ಕೂಡ ಈ ವಿಧಿಯನ್ನು ಕಲಿತು ನಡೆಸಬೇಕಾಯಿತು.

ಸಮಯ ಸರಿಯುತ್ತಿದೆ, ಮುಖಂಡರನ್ನು ಆರಿಸುವ, ತಪ್ಪಿದರೆ ಇಳಿಸುವ ಅಧಿಕಾರವಿರುವ ಕುಲಮಾತೆಯರ ವಿಷಯವನ್ನು ಹೆಸರಿಸಿ ಬಿಡುತ್ತೇನೆ. ಮೊದಲು ಕಣ್ಣೀರು ಒರೆಸುವ ಕ್ರಮ ಈ ಕಾಲಕ್ಕೆ ಹೊಂದುತ್ತದೆಯೇ ಎನ್ನುವವರು ಕೆನಡಾವನ್ನು ನೋಡಬಹುದು. ಮೂಲನಿವಾಸಿಗಳ ಮಕ್ಕಳನ್ನು ಮನೆಯಿಂದ ಬೇರ್ಪಡಿಸಿದ ವಸತಿಶಾಲೆಗಳ ಬಗ್ಗೆ 2008ರಲ್ಲಿ ನೇಮಕವಾದ ಸತ್ಯ ಮತ್ತು ಸಾಮರಸ್ಯ ಆಯೋಗ, ಬದುಕುಳಿದವರ ಮಾತನ್ನು ವರ್ಷಗಟ್ಟಲೆ ಕೇಳಿಸಿಕೊಂಡ ಮೇಲೆಯೇ 2015ರಲ್ಲಿ 94 ಕ್ರಮಗಳಿಗೆ ಕರೆ ಕೊಟ್ಟಿತು. ಕೇಳಿಸಿಕೊಂಡದ್ದು ಮೊದಲು, ಕ್ರಮ ಆಮೇಲೆ.

ಇನ್ನು ಅದೇ ಐತಿಹ್ಯದಲ್ಲಿ ಬರುವ ತಡೊಡಾಹೊ. ಐದು ಜನಾಂಗಗಳ ಶಾಂತಿಗೆ ಕೊನೆಯವರೆಗೂ ಅಡ್ಡ ನಿಂತ ಈ ಒನೊಂಡಾಗ ಮುಖಂಡನ ತಲೆಗೂದಲಲ್ಲಿ ಹಾವುಗಳು ಹೆಣೆದುಕೊಂಡಿದ್ದವಂತೆ. ಅವನನ್ನು ಕೊಲ್ಲಲಿಲ್ಲ, ಗಡೀಪಾರು ಮಾಡಲಿಲ್ಲ; ಕೂದಲು ಬಾಚಿ ಹಾವುಗಳನ್ನು ತೆಗೆದು, ಒಕ್ಕೂಟದ ಸಭೆಯ ಬೆಂಕಿಯನ್ನು ಕಾಯುವ ಹೊಣೆಯನ್ನು ಅವನಿಗೇ ಒಪ್ಪಿಸಿದರು. ಸಿರಾಕ್ಯೂಸ್ ನಗರದ ದಕ್ಷಿಣಕ್ಕಿರುವ ಒನೊಂಡಾಗ ನೆಲದಲ್ಲಿ ಆ ಸ್ಥಾನ ಇಂದಿಗೂ ಇದೆ, ಅದರಲ್ಲಿ ಕೂರುವವರನ್ನು ಇಂದಿಗೂ ತಡೊಡಾಹೊ ಎಂದೇ ಕರೆಯುತ್ತಾರೆ. ನಮಸ್ಕಾರ.