ಶಾಕ್ ಕೊಳ್ಳುವ ಮೊದಲು ಸ್ಕೇಲು ಹಿಡಿಯಿರಿ

ಕೇಳುಗರೆಲ್ಲರಿಗೂ ನಮಸ್ಕಾರ. ಮೌಂಟನ್ ಬೈಕಿನ ಹಿಂಬದಿಯ ಶಾಕ್, ಎಂದರೆ ಕುಲುಕಾಟ ತಡೆಯುವ ಶಾಕ್ ಅಬ್ಸಾರ್ಬರ್, ಬದಲಾಯಿಸುವುದರ ಬಗ್ಗೆ ಮಾತನಾಡಬೇಕೆಂದು ಆಕಾಶವಾಣಿಯವರು ಕೇಳಿದಾಗ ನಾನು ಕೂಡಲೇ ಒಪ್ಪಿಕೊಂಡೆ. ಇಲ್ಲಿ ಬೈಕು ಎಂದರೆ ಮೋಟಾರು ಬೈಕಲ್ಲ, ತುಳಿದು ಓಡಿಸುವ ಸೈಕಲ್ಲು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆಯೂ ಹಿಂದೆಯೂ ಶಾಕ್ ಇರುವ ಇಂಥ ಸೈಕಲ್ಲುಗಳು ಈಗ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆಯ ತೋಟದ ದಾರಿಗಳಲ್ಲಿ ಅಲ್ಲಲ್ಲಿ ಕಾಣಸಿಗುತ್ತಿವೆ. ಅವುಗಳನ್ನು ಓಡಿಸುವ ಯುವಕರು ನನ್ನ ಬಳಿ ಬಂದು ಕೇಳುವುದು ಒಂದೇ ಪ್ರಶ್ನೆ: ಯಾವ ಹೊಸ ಶಾಕ್ ಹಾಕಿಸಲಿ? ನನ್ನ ಉತ್ತರವೂ ಒಂದೇ. ಮೊದಲು ಅಳೆಯಿರಿ.

ಏನನ್ನು ಅಳೆಯಬೇಕು? ಖಾಲಿ ಜೀಪಿನ ಹಿಂದಿನ ಸೀಟಿನಲ್ಲಿ ಕುಳಿತು ಮಾಂದಲಪಟ್ಟಿಯ ದಾರಿ ಹತ್ತಿದವರಿಗೆ ಸೊಂಟದ ನೋವು ಏನೆಂದು ಗೊತ್ತು. ಅದೇ ಜೀಪಿಗೆ ನಾಲ್ಕು ಚೀಲ ಕಾಫಿ ಹೇರಿದರೆ ಸ್ಪ್ರಿಂಗ್ ಪ್ಲೇಟುಗಳು ಸ್ವಲ್ಪ ತಗ್ಗಿ, ಗಾಡಿ ಸಮಾಧಾನವಾಗಿ ಸಾಗುತ್ತದೆ. ಸೈಕಲ್ಲಿನಲ್ಲಿಯೂ ಸವಾರ ಕುಳಿತ ಕೂಡಲೇ ಹಿಂದಿನ ಶಾಕ್ ಹೀಗೆ ಒಂದಿಷ್ಟು ತಗ್ಗಬೇಕು. ಇದಕ್ಕೆ ಸ್ಯಾಗ್ ಎನ್ನುತ್ತಾರೆ. ಹೀಗೆ ತಗ್ಗಿದ್ದರೆ ಮಾತ್ರ ಗುಂಡಿ ಬಂದಾಗ ಚಕ್ರ ಕೆಳಕ್ಕಿಳಿದು ನೆಲವನ್ನು ಹಿಡಿದುಕೊಳ್ಳಲು ಸಾಧ್ಯ. ನಮ್ಮ ಗುಡ್ಡಗಳಲ್ಲಿ ಓಡಾಡುವ ಸೈಕಲ್ಲಿಗೆ ಶಾಕ್ ಒಳಕ್ಕೆ ಇಳಿಯಬಲ್ಲ ಒಟ್ಟು ಚಲನೆಯ 25ರಿಂದ 30 ಶೇಕಡಾ ಸ್ಯಾಗ್ ಇರಬೇಕು. ಚಲನೆ 50 ಮಿಲಿಮೀಟರ್ ಇದ್ದರೆ ಅದು ಸುಮಾರು 13ರಿಂದ 15 ಮಿಲಿಮೀಟರ್ ಆಗುತ್ತದೆ.

ಅಳೆಯಲು ಮಕ್ಕಳ ಕಂಪಾಸ್ ಪೆಟ್ಟಿಗೆಯ ಸ್ಕೇಲು ಸಾಕು. ಶಾಕಿನ ಹೊಳೆಯುವ ದಂಡದ ಮೇಲೆ ಒಂದು ಸಣ್ಣ ರಬ್ಬರ್ ಉಂಗುರವಿರುತ್ತದೆ. ಶಾಕ್ ಕದಲದಂತೆ ಹಿಡಿಯುವ ಲಾಕ್ ಪಿಡಿಯನ್ನು ತೆರೆದಿಟ್ಟು, ಹೆಲ್ಮೆಟ್ಟು, ಚೀಲ, ನೀರಿನ ಬಾಟಲಿ ಎಲ್ಲವನ್ನೂ ಧರಿಸಿ, ಗೋಡೆಗೆ ಒರಗಿ ಸೀಟಿನ ಮೇಲೆ ಮೆಲ್ಲಗೆ ಕುಳಿತುಕೊಳ್ಳಿ. ಆ ಉಂಗುರವನ್ನು ಸೀಲಿನವರೆಗೆ, ಎಂದರೆ ದಂಡ ಶಾಕಿನೊಳಗೆ ಹೋಗುವ ಬಾಯಿಯವರೆಗೆ, ದೂಡಿ, ಜಿಗಿಯದೆ ಮೆಲ್ಲಗೆ ಇಳಿಯಿರಿ. ಸೀಲಿನಿಂದ ಉಂಗುರ ಎಷ್ಟು ದೂರ ಸರಿದಿದೆಯೋ ಅದೇ ನಿಮ್ಮ ಸ್ಯಾಗ್.

ಇದನ್ನು ಮಾಡದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ನಾನು ಎಲ್ಲರಿಗೂ ಹೇಳುವ ಒಂದು ಪ್ರಸಂಗವಿದೆ. ಎರಡು ವರ್ಷಗಳ ಹಿಂದೆ, ಹೂಮಳೆ ಬಿದ್ದು ತೋಟವೆಲ್ಲ ಘಮಘಮಿಸುತ್ತಿದ್ದ ದಿನಗಳಲ್ಲಿ, ನಾಪೋಕ್ಲು ಕಡೆಯ ಒಬ್ಬ ಹುಡುಗ ಹೊಸ ಶಾಕಿನ ಪೆಟ್ಟಿಗೆ ಹಿಡಿದುಕೊಂಡು ಬಂದ. ಅದಕ್ಕೆ 30,000 ರೂಪಾಯಿಗೂ ಹೆಚ್ಚು ಕೊಟ್ಟಿದ್ದ. ಹಳೆಯ ಶಾಕ್ ಕಲ್ಲಿನಂತಿದೆ, ಸೊಂಟ ಹೋಯಿತು ಎಂಬುದು ಅವನ ದೂರು. ಹಳೆಯದರ ಅಳತೆ ನೋಡಿದ್ದೀಯಾ ಎಂದು ಕೇಳಿದೆ. "ನೋಡಿದ್ದೇನೆ ಅಂಕಲ್, ಎರಡೂ 210, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ" ಎಂದ. ಅಂದು ನನಗೂ ಅವಸರವಿತ್ತು. ಅವನ ಮಾತನ್ನು ನಂಬಿ ಶಾಕ್ ಕೂರಿಸಿ ಕಳಿಸಿಬಿಟ್ಟೆ.

ಒಂದು ಗಂಟೆಯೊಳಗೆ ಅವನು ಸೈಕಲ್ಲನ್ನು ತಳ್ಳಿಕೊಂಡು ವಾಪಸು ಬಂದ. ಮೊಣಕೈ ತರಚಿತ್ತು, ಅಂಗಿಯ ತುಂಬ ಕೆಂಪು ಮಣ್ಣು. ತೋಟದ ಇಳಿಜಾರಿನಲ್ಲಿ ಒಂದು ಚರಂಡಿ ಹಾರಿದಾಗ ಹಿಂದಿನ ಚಕ್ರ ಗಕ್ಕನೆ ನಿಂತಿತಂತೆ. ಸೈಕಲ್ಲನ್ನು ತಲೆಕೆಳಗು ಮಾಡಿ ನೋಡಿದರೆ, ಸೀಟಿನ ಕೆಳಗಿನ ಕೊಳವೆಯ ಮೇಲೆ ಹೆಬ್ಬೆರಳಿನಗಲ ಬಣ್ಣ ಎದ್ದುಹೋಗಿ, ಟೈರಿನ ಉಬ್ಬುಗಳ ಕಪ್ಪು ಗುರುತು ಅಲ್ಲಿ ಅಚ್ಚೊತ್ತಿದಂತೆ ಮೂಡಿತ್ತು. ಶಾಕಿಗೆ ಎರಡು ಅಳತೆಗಳಿರುತ್ತವೆ: ಒಂದು ಕಣ್ಣಿನಿಂದ ಕಣ್ಣಿಗೆ, ಎಂದರೆ ಎರಡು ತುದಿಯ ಬೋಲ್ಟಿನ ತೂತುಗಳ ನಡುವೆ, ಇರುವ ಉದ್ದ, ಇನ್ನೊಂದು ಒಳಕ್ಕೆ ಇಳಿಯುವ ಚಲನೆ. ಹಳೆಯದು 210ಕ್ಕೆ 50, ಹೊಸದು 210ಕ್ಕೆ 55. ಬರೀ ಐದು ಮಿಲಿಮೀಟರ್ ತಾನೇ ಎನ್ನಬೇಡಿ. ಅವನ ಸೈಕಲ್ಲಿನಲ್ಲಿ ಶಾಕ್ 50 ಮಿಲಿಮೀಟರ್ ಇಳಿದರೆ ಚಕ್ರ 140 ಮಿಲಿಮೀಟರ್ ಏರುತ್ತಿತ್ತು, ಎಂದರೆ ಸರಾಸರಿ 2.8 ಪಟ್ಟು. ಹೆಚ್ಚುವರಿ ಐದು ಮಿಲಿಮೀಟರ್ ಚಕ್ರದ ಹತ್ತಿರ 14 ಮಿಲಿಮೀಟರ್ ಆಯಿತು, ಫ್ರೇಮಿನಲ್ಲಿ ಅಷ್ಟು ಜಾಗವಿರಲಿಲ್ಲ. ಇಂಥ ಶಾಕಿನಲ್ಲಿ ಸ್ಪ್ರಿಂಗಿನ ಬದಲು ಒತ್ತಡದ ಗಾಳಿಯಿರುತ್ತದೆ. ಅದನ್ನೆಲ್ಲ ಬಿಟ್ಟು, ಸೈಕಲ್ಲನ್ನು ಪೂರ್ತಿ ಅದುಮಿ ಟೈರು ಎಲ್ಲಿಯಾದರೂ ತಾಗುತ್ತದೆಯೇ ಎಂದು ನೋಡಿದ್ದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಆ ತಪ್ಪಿನಲ್ಲಿ ನನ್ನದೂ ಪಾಲಿದೆ.

ನಿಜವಾದ ತಮಾಷೆ ಇನ್ನು ಮೇಲಿದೆ. ಬೇರೆ ದಾರಿಯಿಲ್ಲದೆ ಹಳೆಯ ಶಾಕನ್ನೇ ಮತ್ತೆ ಕೂರಿಸಿ ಸ್ಯಾಗ್ ಅಳೆದೆವು. ಉಂಗುರ ಸರಿದದ್ದು ಏಳೇ ಮಿಲಿಮೀಟರ್! ಯಾರೋ ಹೇಳಿದರೆಂದು ಅವನು ಸಿಕ್ಕಾಪಟ್ಟೆ ಗಾಳಿ ತುಂಬಿಸಿಕೊಂಡು, ಖಾಲಿ ಜೀಪಿನಂತೆ ಒಂದು ವರ್ಷ ಓಡಾಡಿದ್ದ. ಸ್ವಲ್ಪ ಸ್ವಲ್ಪವೇ ಗಾಳಿ ಬಿಡುತ್ತ 14 ಮಿಲಿಮೀಟರಿಗೆ ತಂದೆವು. ಕಾಫಿ ಕಣದ ಸುತ್ತ ಎರಡು ಸುತ್ತು ಹಾಕಿ ಬಂದು, ಕಲ್ಲು ಹತ್ತಿದ್ದೇ ಗೊತ್ತಾಗಲಿಲ್ಲ ಎಂದ. ಹೊಸ ಶಾಕನ್ನು ಅಂಗಡಿಯವರು ವಾಪಸು ತೆಗೆದುಕೊಳ್ಳಲಿಲ್ಲ. ಅದು ಇಂದಿಗೂ ಅವನ ಮನೆಯ ಅಟ್ಟದಲ್ಲಿದೆ.

ಸಮಯ ಮುಗಿಯುತ್ತ ಬಂದಿರುವುದಾಗಿ ಗಾಜಿನಾಚೆಯಿಂದ ಸನ್ನೆಯಾಗುತ್ತಿದೆ, ಆದ್ದರಿಂದ ಉಳಿದದ್ದನ್ನು ಬೇಗ ಹೇಳುತ್ತೇನೆ. ಸ್ಯಾಗ್ ಸರಿಯಿದ್ದೂ ಶಾಕ್ ಪದೇ ಪದೇ ಕೊನೆಮುಟ್ಟಿ ಗುದ್ದುತ್ತಿದ್ದರೆ ಒಳಗೆ ಪ್ಲಾಸ್ಟಿಕ್ಕಿನ ಸ್ಪೇಸರ್ ಹಾಕಿಸಿ. ಗಾಳಿಯ ಜಾಗ ಕಡಿಮೆಯಾಗಿ ಕೊನೆಯಲ್ಲಿ ಗಟ್ಟಿಯಾಗುತ್ತದೆ. ಸ್ಪ್ರಿಂಗಿನ ಶಾಕಿನಲ್ಲಿ ಈ ಅನುಕೂಲವಿಲ್ಲ, ಆದ್ದರಿಂದ ಫ್ರೇಮು ಅದಕ್ಕೆ ಹೊಂದುತ್ತದೆಯೇ ಎಂದು ತಯಾರಕರ ಪಟ್ಟಿ ನೋಡದೆ ಅದನ್ನು ಮುಟ್ಟಬೇಡಿ. ಉದ್ದದ ಇಳಿಜಾರಿನಲ್ಲಿ ಬಿಸಿಯಾಗಿ ಹಿಡಿತ ತಪ್ಪುತ್ತಿದ್ದರೆ, ಎಣ್ಣೆಗೆ ಬೇರೆ ಡಬ್ಬಿಯಿರುವ ದೊಡ್ಡ ಶಾಕಿಗೆ ಧಾರಾಳವಾಗಿ ಹಣ ಹಾಕಿ. 2016ರಲ್ಲಿ ಮಿಲಿಮೀಟರ್ ಲೆಕ್ಕದ ಹೊಸ ಅಳತೆಗಳು ಬಂದಿರುವುದರಿಂದ ಹಳೆಯ ಇಂಚಿನ ಫ್ರೇಮಿಗೆ ಅವು ಕೂರುವುದಿಲ್ಲ, ಅಲ್ಲಿಯೂ ಮೊದಲು ಅಳೆಯಿರಿ. ಚಳಿಯಲ್ಲಿ ಗಾಳಿ ಕುಗ್ಗುತ್ತದೆ: ಕುಶಾಲನಗರದ 30 ಡಿಗ್ರಿ ಮಧ್ಯಾಹ್ನದಲ್ಲಿ 200 ಪಿಎಸ್‌ಐ ಒತ್ತಡಕ್ಕೆ ಗಾಳಿ ತುಂಬಿಸಿದ ಶಾಕ್, 15 ಡಿಗ್ರಿಯ ಬೆಳಗಿನಲ್ಲಿ ಸುಮಾರು 10 ಪಿಎಸ್‌ಐ ಕಡಿಮೆಯಿರುತ್ತದೆ. ಆಗಲೂ ಅಳೆಯಿರಿ.

ಕೊನೆಯದಾಗಿ, ವಾರಕ್ಕೆ ಒಬ್ಬರಾದರೂ ನನಗೆ ಫೋನು ಮಾಡಿ ಕೇಳುವ ಸಂಗತಿ. ಶಾಕ್ ಪಂಪನ್ನು ಬಿಚ್ಚುವಾಗ ಬರುವ ಬುಸ್ಸೆನ್ನುವ ಸದ್ದು ಪಂಪಿನ ಕೊಳವೆಯಲ್ಲಿದ್ದ ಗಾಳಿಯದು, ನಿಮ್ಮ ಶಾಕಿನದಲ್ಲ. ಅದನ್ನು ತುಂಬಿಕೊಡಲೆಂದು ದಯವಿಟ್ಟು ಮತ್ತೆ ಪಂಪು ಹೊಡೆಯಬೇಡಿ. ನಮಸ್ಕಾರ.